ನಿಮ್ಮ ಮಾತಿಗೆ ಆ ಕೋಣೆಯಲ್ಲಿ ಯಾರ ಕಿವಿ ಇದೆ?

ಪ್ರಶ್ನೆ: ನಾನು ಇಳಕಲ್ಲಿನ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅರೆಕಾಲಿಕವಾಗಿ ಪಿಎಚ್.ಡಿ. ಮಾಡುತ್ತಿದ್ದೇನೆ, ಇದು ಎರಡನೆಯ ವರ್ಷ. ವಿಷಯ: ಪರಿವರ್ತನೀಯ ರಿಂಗ್‌ಗಳ ಶೂನ್ಯ ಭಾಜಕ ಗ್ರಾಫ್, ಅಂದರೆ ಬೀಜಗಣಿತದ ಒಂದು ರಚನೆಯನ್ನು ಚುಕ್ಕೆ-ಗೆರೆಗಳ ಚಿತ್ರವಾಗಿ ಓದುವ ಕೆಲಸ. ಬೆಳಗಾವಿಯಲ್ಲಿ ಎರಡು ದಿನಗಳ ಪ್ರಾದೇಶಿಕ ಗಣಿತ ಸಮ್ಮೇಳನವಿದೆ, ಹೋಗಿ ಬಾ ಎಂದು ಮಾರ್ಗದರ್ಶಕರು ಹೇಳುತ್ತಾರೆ. ‘ಪ್ರಾದೇಶಿಕ ಎಂದರೆ ಊಟ ಮತ್ತು ಸರ್ಟಿಫಿಕೇಟು, ಹಣ ಕೂಡಿಟ್ಟು ಬೆಂಗಳೂರಿನ ದೊಡ್ಡ ಸಮ್ಮೇಳನಕ್ಕೆ ಹೋಗಿ’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ರಜೆ ಹಾಕಿದರೆ ಗೌರವಧನ ಕಡಿತ. ಮಗಳಿಗೆ ಮೂರು ವರ್ಷ. ಸಾರಾಂಶ ಒಪ್ಪಿಗೆಯಾದರೆ ಸಿಗುವ ಹನ್ನೆರಡು ನಿಮಿಷಗಳಲ್ಲಿ ಏನು ಹೇಳಲಿ? ‘ಇದರ ಉಪಯೋಗವೇನು’ ಎಂದು ಯಾರಾದರೂ ಕೇಳಿದರೆ?

ಉತ್ತರ: ಬೆಳಗಾವಿಗೇ ಬನ್ನಿ. ಆದರೆ ನೋಂದಣಿ ಶುಲ್ಕ ಕಟ್ಟುವ ಮುನ್ನ ಸಂಘಟಕರಿಗೆ ನಾಲ್ಕು ಸಾಲಿನ ಒಂದು ಪತ್ರ ಬರೆಯಿರಿ. ಬೀಜಗಣಿತದ ಪ್ರಬಂಧಗಳಿಗೆ ಬೇರೆ ಗೋಷ್ಠಿ ಇದೆಯೇ, ಅದರ ಅಧ್ಯಕ್ಷತೆ ಯಾರದು, ಆಹ್ವಾನಿತರಲ್ಲಿ ರಿಂಗ್ ಸಿದ್ಧಾಂತದವರು ಯಾರಾದರೂ ಇದ್ದಾರೆಯೇ, ಅವರು ತಮ್ಮ ಉಪನ್ಯಾಸ ಮುಗಿಸಿ ಹೊರಟುಬಿಡುತ್ತಾರೋ ಎರಡೂ ದಿನ ಇರುತ್ತಾರೋ. ಈ ನಾಲ್ಕರಲ್ಲಿ ಕೊನೆಯದೇ ಮುಖ್ಯ. ಉತ್ತರ ಸರಿಯಾಗಿ ಬಂದರೆ ಸಮ್ಮೇಳನದ ಹೆಸರು ಚಿಕ್ಕದಿದ್ದರೂ ಬನ್ನಿ. ಉತ್ತರವೇ ಬಾರದಿದ್ದರೆ, ಅಥವಾ ‘ಗಣಿತ ವಿಜ್ಞಾನಗಳ ಎಲ್ಲ ಶಾಖೆಗಳಿಗೂ ಸ್ವಾಗತ’ ಎಂಬ ಸಿದ್ಧ ವಾಕ್ಯ ಬಂದರೆ, ನಿಮ್ಮ ಸಹೋದ್ಯೋಗಿ ಹೇಳಿದ ಊಟವೇ ಗಟ್ಟಿ.

ಆ ಸಹೋದ್ಯೋಗಿಯ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ನಾನು ಮೊದಲ ಪ್ರಬಂಧ ಓದಿದ ಸಮ್ಮೇಳನದ ಹೆಸರು ಬೇಡ, ಊರೂ ಬೇಡ. ಮಧ್ಯಾಹ್ನದ ಊಟದ ನಂತರದ ಗೋಷ್ಠಿ. ನನಗಿಂತ ಮುಂಚೆ ಇಬ್ಬರು ಕೊಳವೆಯಲ್ಲಿ ಹರಿಯುವ ದ್ರವದ ಬಗ್ಗೆ ಮಾತಾಡಿದರು, ನನ್ನ ನಂತರ ಒಬ್ಬರು ವೇದಗಣಿತದ ಬಗ್ಗೆ. ನಡುವೆ ನಾನು, ಕೈಯಲ್ಲಿ ನೋಥೇರಿಯನ್ ಮಾಡ್ಯೂಲು ಎಂಬ ಶುದ್ಧ ಬೀಜಗಣಿತ. ಉದ್ಘಾಟನೆ ತಡವಾದ ಕಾರಣ ಹದಿನೈದು ನಿಮಿಷ ಆರಕ್ಕೆ ಇಳಿದಿತ್ತು. ಮುಗಿಸಿದಾಗ ಅಧ್ಯಕ್ಷರು ಕಣ್ಣು ತೆರೆದು ‘ಪ್ರಶ್ನೆಗಳಿವೆಯೇ’ ಎಂದರು, ಇರಲಿಲ್ಲ. ಸಂಜೆ ಸರ್ಟಿಫಿಕೇಟು ಕೊಟ್ಟರು, ಅದರಲ್ಲಿ ನನ್ನ ಹೆಸರಿನ ಕಾಗುಣಿತವೂ ತಪ್ಪಾಗಿತ್ತು. ಆ ದಿನ ನನ್ನ ವಿಷಯದ ಬಗ್ಗೆ ಒಂದೇ ಒಂದು ಮಾತು ಕೇಳಿದವರು ಬಸ್ ನಿಲ್ದಾಣದಲ್ಲಿ ಪಕ್ಕ ನಿಂತಿದ್ದ ಕೊಲ್ಲಾಪುರದ ಹಿರಿಯರು. ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದರಂತೆ. ‘ನಿಮ್ಮ ಎರಡನೆಯ ಪ್ರಮೇಯಕ್ಕೆ ಏಕಮಾಂಶ, ಅಂದರೆ ರಿಂಗಿನಲ್ಲಿ 1ರಂಥ ಒಂದು ಅಂಶ, ಬೇಕೇ ಬೇಕೆ?’ ಎಂದರು. ಬೇಕಿರಲಿಲ್ಲ. ಅದನ್ನು ನಾನು ಕಂಡುಕೊಂಡದ್ದು ಎರಡು ತಿಂಗಳ ನಂತರ, ಅವರೊಂದಿಗೆ ಮೂರು ಕಾಗದ ವ್ಯವಹಾರ ಆದ ಮೇಲೆ. ಆ ಬಸ್ ಹತ್ತು ನಿಮಿಷ ಮುಂಚೆ ಬಂದಿದ್ದರೆ ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಇರುತ್ತಿರಲಿಲ್ಲ.

ನಾನು ಸಮ್ಮೇಳನವನ್ನು ಅಳೆಯುವುದು ಅಂದಿನಿಂದ ಈ ಒಂದೇ ಅಳತೆಗೋಲಿನಲ್ಲಿ: ನಾನು ಮಾತಾಡುವಾಗ ಕೋಣೆಯಲ್ಲಿ ನನ್ನ ವಿಷಯ ಬಲ್ಲವರು ಒಬ್ಬರಾದರೂ ಕೂತಿರುತ್ತಾರೆಯೇ? ನೂರು ಜನ ಸೇರಿದ ಸಭಾಂಗಣದಲ್ಲಿ ಆ ಒಬ್ಬರು ಇಲ್ಲದಿರಬಹುದು, ಹದಿನೆಂಟು ಜನರ ತರಗತಿ ಕೋಣೆಯಲ್ಲಿ ಇರಬಹುದು. ಎರಡನೆಯ ವರ್ಷದ ಸಂಶೋಧಕಿ ಬೆಂಗಳೂರಿನ ದೊಡ್ಡ ಸಮ್ಮೇಳನದಲ್ಲಿ ಕೇಳುಗಳಾಗಿ ಕೂತು ಬರುತ್ತಾಳೆ. ಅದೂ ಬೇಕು, ಆದರೆ ಅದಕ್ಕೆ ಇನ್ನೂ ಹೊತ್ತಿದೆ. ಚಿಕ್ಕ ಸಭೆಯಲ್ಲಿ ಚಹಾ ಕುಡಿಯುವಾಗ ಮುಖ್ಯ ಭಾಷಣಕಾರರ ಪಕ್ಕವೇ ನಿಂತಿರುತ್ತೀರಿ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಮಾಡುತ್ತಾರೆ ಎಂಬುದನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ‘ಪ್ರಾದೇಶಿಕ’ ಎಂಬ ಪದಕ್ಕೆ ನಮ್ಮಲ್ಲಿ ‘ಕೆಳದರ್ಜೆ’ ಎಂಬ ಅರ್ಥ ಸುಮ್ಮನೆ ಅಂಟಿಕೊಂಡುಬಿಟ್ಟಿದೆ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಆ ದೇಶವನ್ನು ನಾಲ್ಕು ವಿಭಾಗಗಳಾಗಿ ಮಾಡಿಕೊಂಡು ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ವಿಭಾಗವಾರು ಸಭೆ ನಡೆಸುತ್ತದೆ. ಪ್ರತಿ ಸಭೆಯೊಳಗೂ ‘ಕಮ್ಯುಟೇಟಿವ್ ಆಲ್ಜೀಬ್ರಾ’ ಎಂಬಂಥ ಕಿರಿದಾದ ವಿಷಯಕ್ಕೇ ಮೀಸಲಾದ ಗೋಷ್ಠಿಗಳಿರುತ್ತವೆ. ಕಾನ್ಸಾಸ್, ಮಿಸೌರಿ, ನೆಬ್ರಾಸ್ಕಾ ವಿಶ್ವವಿದ್ಯಾಲಯಗಳ ಹೆಸರಿನ ಅಕ್ಷರ ಜೋಡಿಸಿ ‘ಕುಮುನು’ ಎಂದು ಕರೆದುಕೊಂಡ ಸಮ್ಮೇಳನ ಪರಿವರ್ತನೀಯ ಬೀಜಗಣಿತ ಒಂದಕ್ಕೇ ಇದೆ. ಇಂಗ್ಲೆಂಡಿನ ಉತ್ತರ ಭಾಗ ಮತ್ತು ಸ್ಕಾಟ್ಲೆಂಡಿನ ಬೀಜಗಣಿತಜ್ಞರು ‘ಆರ್ಟಿನ್’ ಎಂಬ ಬಳಗ ಕಟ್ಟಿಕೊಂಡಿದ್ದಾರೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದಾಗ ಎಮಿಲ್ ಆರ್ಟಿನ್ ಎಂಬ ಬೀಜಗಣಿತಜ್ಞನ ಹೆಸರೇ ಬರುವಂತೆ ಮಾಡಿದ ಚಮತ್ಕಾರ ಅದು. ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ನೆರವಿನಿಂದ ಸುತ್ತಲಿನ ಊರುಗಳಲ್ಲಿ ಸರದಿಯಂತೆ ಸೇರುತ್ತಾರೆ. ಯಾವ ದೇಶದಲ್ಲಾದರೂ ಬೆಂಬಲ ಎಂದರೆ ಸರಳ: ವಿಷಯ ಕಿರಿದು, ದಾರಿ ಹತ್ತಿರ, ವಿದ್ಯಾರ್ಥಿಯ ಪ್ರಯಾಣದ ಖರ್ಚನ್ನು ಸಂಘಟಕರು ಮೊದಲೇ ಎತ್ತಿಟ್ಟಿರುತ್ತಾರೆ, ಮಾತಾಡುವ ಅವಕಾಶದಲ್ಲಿ ಕಿರಿಯರಿಗೆ ಪಾಲಿರುತ್ತದೆ. ಶಾಲು ಆ ಪಟ್ಟಿಯಲ್ಲಿಲ್ಲ.

ನಮ್ಮಲ್ಲಿ ಇದು ಕೆಟ್ಟದ್ದಕ್ಕೆ ಒಂದು ಕಾರಣ ನಿಯಮವೇ. ಯುಜಿಸಿಯ 2016ರ ಪಿಎಚ್.ಡಿ. ನಿಯಮಾವಳಿ, ಮಹಾಪ್ರಬಂಧ ಸಲ್ಲಿಸುವ ಮುನ್ನ ಪತ್ರಿಕೆಯಲ್ಲಿ ಒಂದು ಲೇಖನ ಮತ್ತು ಸಮ್ಮೇಳನಗಳಲ್ಲಿ ಎರಡು ಮಂಡನೆ ಆಗಲೇಬೇಕು ಎಂದಿತು. ಬೇಡಿಕೆ ಹುಟ್ಟಿದ ಮೇಲೆ ಸಂತೆ ನೆರೆಯದೆ ಇರುತ್ತದೆಯೇ? ಎರಡು ಸರ್ಟಿಫಿಕೇಟು ಬೇಕಾದವರಿಗಾಗಿ ಎಲ್ಲೆಡೆ ‘ಅಂತರರಾಷ್ಟ್ರೀಯ’ ಸಮ್ಮೇಳನಗಳು ಎದ್ದವು. 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಅದನ್ನು ಉಳಿಸಿಕೊಂಡಿರಬಹುದು, ಒಮ್ಮೆ ಪಿಎಚ್.ಡಿ. ವಿಭಾಗದಲ್ಲಿ ವಿಚಾರಿಸಿ ಬರಹದಲ್ಲೇ ತಿಳಿದುಕೊಳ್ಳಿ. ಕಡ್ಡಾಯವಿಲ್ಲದಿದ್ದರೆ ನೀವು ಸರ್ಟಿಫಿಕೇಟಿನ ಹಂಗಿಲ್ಲದೆ ಸಮ್ಮೇಳನ ಆರಿಸಬಹುದು.

ನಕಲಿ ಸಮ್ಮೇಳನವನ್ನು ಗುರುತಿಸುವುದು ಕಷ್ಟವಲ್ಲ. ವಿಜ್ಞಾನ, ತಂತ್ರಜ್ಞಾನ, ನಿರ್ವಹಣೆ, ಮಾನವಿಕ ಎಲ್ಲವೂ ಒಂದೇ ಹೆಸರಿನಲ್ಲಿದ್ದರೆ, ರಾತ್ರಿ ಕಳುಹಿಸಿದ ಸಾರಾಂಶಕ್ಕೆ ಬೆಳಿಗ್ಗೆ ಒಪ್ಪಿಗೆ ಬಂದರೆ, ಬಾರದಿದ್ದರೂ ಹಣ ಕಟ್ಟಿದರೆ ಮಂಡನೆ ಆಯಿತು ಎಂದು ಬರೆದುಕೊಟ್ಟರೆ, ಬಿಡಿ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಒಳ್ಳೆಯ ಸಮ್ಮೇಳನವಾದರೂ ‘ನಡಾವಳಿ ಸಂಪುಟಕ್ಕೆ ಪೂರ್ಣ ಲೇಖನ ಕೊಡಿ’ ಎಂದಾಗ ನಿಮ್ಮ ಮುಖ್ಯ ಪ್ರಮೇಯವನ್ನು ಕೊಟ್ಟುಬಿಡಬೇಡಿ. ಒಮ್ಮೆ ಅಚ್ಚಾದದ್ದನ್ನು ಮತ್ತೆ ಒಳ್ಳೆಯ ಪತ್ರಿಕೆ ತೆಗೆದುಕೊಳ್ಳುವುದಿಲ್ಲ, ಆ ಸಂಪುಟವನ್ನು ಯಾರೂ ಓದುವುದಿಲ್ಲ. ಸಾರಾಂಶ ಕೊಡಿ, ಸಾಕು.

ಆಹ್ವಾನಿತರು ನಿಮ್ಮ ವಿಷಯದವರೇ ಎಂದು ಇಳಕಲ್ಲಿನಲ್ಲಿ ಕೂತೇ ನೋಡಬಹುದು. ‘ಝಡ್‌ಬಿ-ಮ್ಯಾಥ್’ ಎಂಬ ಗಣಿತ ಲೇಖನಗಳ ಸೂಚಿ-ಭಂಡಾರ 2021ರಿಂದ ಎಲ್ಲರಿಗೂ ಉಚಿತ. ಅಲ್ಲಿ ಅವರ ಹೆಸರು ಹುಡುಕಿದರೆ ಪ್ರತಿ ಲೇಖನದ ಪಕ್ಕ ವಿಷಯ ಸಂಖ್ಯೆ ಇರುತ್ತದೆ. 13 ಎಂದರೆ ಪರಿವರ್ತನೀಯ ಬೀಜಗಣಿತ, 16 ಎಂದರೆ ಸಹವರ್ತನೀಯ ರಿಂಗ್‌ಗಳು, 20 ಎಂದರೆ ಗ್ರೂಪ್ ಸಿದ್ಧಾಂತ. ನಿಮ್ಮದು 05ಸಿ25, ಗ್ರಾಫ್ ಮತ್ತು ಬೀಜಗಣಿತ ಸೇರುವ ಗಡಿ. ಗಡಿಯಲ್ಲಿರುವುದರಿಂದ ಒಂದು ಅಪಾಯವಿದೆ: ಗ್ರಾಫ್‌ನವರು ನಿಮ್ಮನ್ನು ಬೀಜಗಣಿತದವರು ಎನ್ನುತ್ತಾರೆ, ಬೀಜಗಣಿತದವರು ಗ್ರಾಫ್‌ನವರು ಎನ್ನುತ್ತಾರೆ. ನಮ್ಮ ಭಾಗದಲ್ಲಿ ಗ್ರಾಫ್ ಸಿದ್ಧಾಂತ ಬಲ್ಲವರು ಬೇಕಾದಷ್ಟು ಸಿಗುತ್ತಾರೆ. ನೀವು ಹುಡುಕಬೇಕಾದ್ದು ರಿಂಗ್ ಬಲ್ಲವರನ್ನು.

ಇಲ್ಲೇ ಬೆಳಗಾವಿಯ ಹೆಚ್ಚುಗಾರಿಕೆ. ಬೆಂಗಳೂರು ಇಲ್ಲಿಂದ ಸುಮಾರು 500 ಕಿಲೋಮೀಟರು, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ 2016ರಲ್ಲಿ ಆರಂಭವಾದ ಐಐಟಿಯೂ ಬಸ್ಸಿನಲ್ಲಿ ಎರಡು ತಾಸು. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ಹತ್ತಿರ. ಗೋವಾ ಘಟ್ಟ ಇಳಿದರೆ ಸಿಗುತ್ತದೆ. ಬೀಜಗಣಿತದ ಇನ್ನೊಂದು ರಚನೆಯಾದ ಲ್ಯಾಟಿಸ್‌ಗಳ ಕೆಲಸ ಪುಣೆಯ ಕಡೆ ಬಹಳ ನಡೆದಿದೆ, ಶೂನ್ಯ ಭಾಜಕ ಗ್ರಾಫನ್ನು ಲ್ಯಾಟಿಸ್‌ಗೂ ವಿಸ್ತರಿಸಿದವರಿದ್ದಾರೆ. ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಾಗಲಿ ಬಾಗಲಕೋಟೆಯ ಕಾಲೇಜಾಗಲಿ ಬೀಜಗಣಿತದ ಸಭೆ ನಡೆಸುವಾಗ ‘ಪ್ರದೇಶ’ ಎಂದರೆ ಜಿಲ್ಲೆಯ ಗಡಿ, ರಾಜ್ಯದ ಗಡಿ ಎಂದು ತಿಳಿದರೆ ಕೈಯಳತೆಯಲ್ಲಿರುವವರನ್ನು ಬಿಟ್ಟು ದೂರದವರಿಗೆ ವಿಮಾನದ ಟಿಕೆಟ್ ಕೊಡಬೇಕಾಗುತ್ತದೆ. ಗಡಿಯ ಜಗಳ ರಿಂಗ್‌ಗಳಿಗೆ ಗೊತ್ತಿಲ್ಲ. ಸಂಘಟಕರಿಗೆ ಪತ್ರ ಬರೆಯುವಾಗ ‘ಕೊಲ್ಲಾಪುರ, ಗೋವಾ ಕಡೆಯಿಂದ ಯಾರಾದರೂ ಬರುತ್ತಾರೆಯೇ’ ಎಂದು ಒಂದು ಸಾಲು ಸೇರಿಸಿ. ಕೇಳಿದ್ದಕ್ಕೇ ಒಬ್ಬರನ್ನು ಕರೆದ ಉದಾಹರಣೆ ನನ್ನ ಕಣ್ಣ ಮುಂದಿದೆ.

ಮೊದಲ ದಿನ ಬೆಳಿಗ್ಗೆ ತಡವಾಗುತ್ತದೆ, ಅದಕ್ಕೆ ಸಿದ್ಧರಾಗಿರಿ. ನಾಡಗೀತೆ, ದೀಪ, ಸಸಿಗೆ ನೀರು, ಹಾರ. ವಿಜಯಪುರದ ಸಭೆಯಾದರೆ ಭಾಸ್ಕರಾಚಾರ್ಯರೂ ಬರುತ್ತಾರೆ. 1114ರಲ್ಲಿ ಹುಟ್ಟಿದ ಅವರ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಎಂದು ಒಂದು ಪಕ್ಷ, ಅಲ್ಲ, ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯದು ಎಂದು ಇನ್ನೊಂದು ಪಕ್ಷ. ಆ ಚರ್ಚೆಯಲ್ಲಿ ಅರ್ಧ ಗಂಟೆ ಹೋಗುತ್ತದೆ. ಅವರು ‘ಬೀಜಗಣಿತ’ ಗ್ರಂಥವನ್ನು ಬರೆದು ಮುಗಿಸಿದಾಗ ಮೂವತ್ತಾರು ವರ್ಷ, ಅಂದರೆ ಇಂದಿನ ಲೆಕ್ಕದಲ್ಲಿ ಯುವ ಸಂಶೋಧಕರು. ಈ ಒಂದು ಮಾತನ್ನು ಮಾತ್ರ ಯಾವ ಉದ್ಘಾಟಕರ ಬಾಯಲ್ಲೂ ಕೇಳಿಲ್ಲ.

ಈಗ ನಿಮ್ಮ ಹನ್ನೆರಡು ನಿಮಿಷ. ಅದು ಆರಾದೀತು ಎಂದೇ ತಯಾರಾಗಿ. ಸಾಮಾನ್ಯವಾಗಿ ಹೊಸಬರು ವ್ಯಾಖ್ಯೆ, ವ್ಯಾಖ್ಯೆ, ಲೆಮ್ಮಾ, ಪ್ರಮೇಯ, ಧನ್ಯವಾದ ಎಂದು ಮೂವತ್ತು ಸ್ಲೈಡು ಓಡಿಸುತ್ತಾರೆ. ಕೇಳುವವರಿಗೆ ಎರಡನೆಯ ಸ್ಲೈಡಿನಲ್ಲೇ ದಾರಿ ತಪ್ಪಿರುತ್ತದೆ. ಬದಲಿಗೆ ಹಲಗೆಯ ಮೇಲೆ ಗಡಿಯಾರ ಬರೆಯಿರಿ. ಹನ್ನೆರಡು ಗಂಟೆಯ ಗಡಿಯಾರದಲ್ಲಿ 12 ಎಂದರೆ 0. ಹೀಗೆ ಕೂಡಿ, ಕಳೆದು, ಗುಣಿಸಬಹುದಾದ ಲೋಕವೇ ರಿಂಗ್, ಗುಣಿಸುವ ಕ್ರಮ ತಿರುಗಿಸಿದರೂ ಉತ್ತರ ಬದಲಾಗದಿದ್ದರೆ ಅದು ಪರಿವರ್ತನೀಯ. ಹಾಗಿದ್ದರೆ 3ನ್ನು 4ರಿಂದ ಗುಣಿಸಿದರೆ ಸೊನ್ನೆ, 2ನ್ನು 6ರಿಂದ ಗುಣಿಸಿದರೂ ಸೊನ್ನೆ. ಸೊನ್ನೆಯಲ್ಲದ ಎರಡನ್ನು ಗುಣಿಸಿದರೆ ಸೊನ್ನೆಯಾಗುತ್ತದೆ ಎಂಬುದೇ ಶೂನ್ಯ ಭಾಜಕದ ಸೋಜಿಗ. ಈ ಗಡಿಯಾರದಲ್ಲಿ ಅಂಥವು ಏಳು: 2, 3, 4, 6, 8, 9, 10. ಏಳು ಚುಕ್ಕೆ ಇಡಿ. ಯಾವ ಎರಡರ ಗುಣಲಬ್ಧ ಸೊನ್ನೆಯೋ ಅವುಗಳ ನಡುವೆ ಗೆರೆ ಎಳೆಯಿರಿ, ರಂಗೋಲಿಯ ಹಾಗೆ. ಎಂಟು ಗೆರೆ ಬರುತ್ತವೆ. ಈಗ ಸಭೆಯನ್ನೇ ಕೇಳಿ: 2ರಿಂದ 3ಕ್ಕೆ ಹೋಗುವುದು ಹೇಗೆ? 2ಕ್ಕೆ ಇರುವ ನಂಟು 6 ಒಂದೇ, 6ರಿಂದ 4, 4ರಿಂದ 3. ಮೂರು ಹೆಜ್ಜೆ. ಎಷ್ಟೇ ದೊಡ್ಡ ಪರಿವರ್ತನೀಯ ರಿಂಗ್ ತಂದರೂ ಯಾವ ಎರಡು ಚುಕ್ಕೆಗಳ ನಡುವೆಯೂ ಮೂರಕ್ಕಿಂತ ಹೆಚ್ಚು ಹೆಜ್ಜೆ ಬೇಕಾಗುವುದಿಲ್ಲ ಎಂದು ಆಂಡರ್ಸನ್ ಮತ್ತು ಲಿವಿಂಗ್‌ಸ್ಟನ್ 1999ರಲ್ಲಿ ತೋರಿಸಿದರು. ಅದಕ್ಕೂ ಮುಂಚೆ 1988ರಲ್ಲಿ ಬೆಕ್ ಎಂಬವರು ರಿಂಗ್‌ಗೆ ಬಣ್ಣ ಹಚ್ಚುವ ಪ್ರಶ್ನೆಯಾಗಿ ಇದನ್ನು ಎತ್ತಿದ್ದರು. ಇನ್ನು 3, 4, 9, 8, ಮತ್ತೆ 3 ಎಂದು ಸುತ್ತಿದರೆ ನಾಲ್ಕು ಗೆರೆಯ ಒಂದು ಚಕ್ರ ಸಿಗುತ್ತದೆ, ತ್ರಿಕೋನ ಒಂದೂ ಸಿಗುವುದಿಲ್ಲ. ಇಂಥ ಗ್ರಾಫಿನಲ್ಲಿ ಚಕ್ರವಿದ್ದರೆ ಅತಿ ಚಿಕ್ಕ ಚಕ್ರದ ಉದ್ದ ನಾಲ್ಕನ್ನು ಮೀರುವುದಿಲ್ಲ ಎಂಬುದೂ ಸಿದ್ಧವಾಗಿದೆ. ಅಂದರೆ ನಮ್ಮ ಗೋಡೆಯ ಗಡಿಯಾರ ಎರಡೂ ಮಿತಿಗಳನ್ನು ಒಟ್ಟಿಗೆ ಮುಟ್ಟುತ್ತದೆ. ಇಷ್ಟಕ್ಕೆ ನಾಲ್ಕು ನಿಮಿಷ. ಆಮೇಲೆ ‘ನಾನು ಕೇಳುತ್ತಿರುವ ಪ್ರಶ್ನೆ ಇದು’ ಎಂದು ನಿಮ್ಮದನ್ನು ಹೇಳಿ. ಪ್ರಮೇಯವನ್ನು ಸಾಧಿಸಿದ ರೀತಿಯ ಒಂದು ಹೊಳಹು ಕೊಡಿ, ಪೂರ್ತಿ ಬೇಡ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂಬುದನ್ನೂ ಹೇಳಿ. ಜನ ಇದನ್ನು ಮುಚ್ಚಿಡುತ್ತಾರೆ, ಆದರೆ ಚಹಾ ಹೊತ್ತಿನಲ್ಲಿ ಯಾರಾದರೂ ಹುಡುಕಿಕೊಂಡು ಬರುವುದು ಆ ಸಿಕ್ಕನ್ನು ಕೇಳಿಸಿಕೊಂಡಿದ್ದರಿಂದಲೇ.

ಇಂಗ್ಲಿಷಿನ ಅಂಜಿಕೆಯ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಮೊದಲ ಮೂರು ವಾಕ್ಯ ಬಾಯಿಪಾಠ ಮಾಡಿ. ಮುಂದಿನದನ್ನು ಗಡಿಯಾರ ನೋಡಿಕೊಳ್ಳುತ್ತದೆ.

‘ಇದರ ಉಪಯೋಗವೇನು?’ ಕೇಳಿಯೇ ಕೇಳುತ್ತಾರೆ, ಬಹುತೇಕ ಉಪಯೋಗದ ಪ್ರಶ್ನೆ ತನಗೆ ಎಂದೂ ಬಾರದ ಶಾಖೆಯವರು. ಗಾಬರಿಯಾಗಿ ‘ಮೊಬೈಲ್ ಜಾಲಕ್ಕೆ ಉಪಯೋಗ’ ಎಂದು ಸುಳ್ಳು ಹೇಳಬೇಡಿ. ಹಾಗೆ ಹೇಳಿ ಎರಡನೆಯ ಪ್ರಶ್ನೆಗೆ ತಡವರಿಸಿದವರನ್ನು ನೋಡಿದ್ದೇನೆ. ಬೀಜಗಣಿತಕ್ಕೆ ಉಪಯೋಗವಿದೆ: ಕಿರಾಣಿ ಅಂಗಡಿಯ ಕ್ಯೂಆರ್ ಕೋಡು ಸ್ವಲ್ಪ ಹರಿದರೂ ಹಣ ಹೋಗುವುದು 256 ಅಂಶಗಳ, ಫೀಲ್ಡ್ ಎಂಬ ಒಂದು ಬೀಜಗಣಿತ ರಚನೆಯ ಮೇಲೆ ಕಟ್ಟಿದ ರೀಡ್-ಸೊಲೊಮನ್ ಸಂಕೇತದಿಂದ. ಆ ಇಬ್ಬರು ಅದನ್ನು ಪ್ರಕಟಿಸಿದ್ದು 1960ರಲ್ಲಿ. ಆದರೆ ಅದು ನಿಮ್ಮ ಕೆಲಸವಲ್ಲ. ‘ರಿಂಗಿನ ಗುಣವನ್ನು ಚಿತ್ರದಲ್ಲಿ ಓದಲು ಎಷ್ಟು ಸಾಧ್ಯ ಎಂಬುದು ನನ್ನ ಪ್ರಶ್ನೆ, ಹೊರಗಿನ ಉಪಯೋಗ ಸದ್ಯಕ್ಕೆ ನನಗೆ ಕಾಣುತ್ತಿಲ್ಲ’ ಎಂದು ನೇರವಾಗಿ ಹೇಳಿ ಕೂತುಕೊಳ್ಳಿ. ಬಲ್ಲವರು ಮೆಚ್ಚುತ್ತಾರೆ.

ಮಗಳ ವಿಷಯಕ್ಕೆ ಬರುತ್ತೇನೆ. ಪ್ರಾದೇಶಿಕ ಸಮ್ಮೇಳನದ ಪರವಾಗಿ ಇದಕ್ಕಿಂತ ಗಟ್ಟಿ ವಾದ ಬೇರೆ ಬೇಕಿಲ್ಲ. ಎರಡು ದಿನ, ಎರಡು ರಾತ್ರಿ, ಮನೆಯವರು ಯಾರಾದರೂ ಜೊತೆಗೆ ಬರಬಹುದಾದ ದೂರ. ಸಂಘಟಕರಿಗೆ ‘ತಾಯಿ ಮತ್ತು ಮಗುವಿನೊಂದಿಗೆ ಬರುತ್ತೇನೆ, ಅತಿಥಿಗೃಹದಲ್ಲಿ ಎರಡು ಹಾಸಿಗೆಯ ಕೋಣೆ ಬೇಕು’ ಎಂದು ಸಂಕೋಚವಿಲ್ಲದೆ ಬರೆಯಿರಿ. ಲಂಡನ್ ಸೊಸೈಟಿ ಮಕ್ಕಳ ಆರೈಕೆಯ ಖರ್ಚಿಗೆಂದೇ ಅನುದಾನ ಕೊಡುತ್ತದೆ. ನಮ್ಮಲ್ಲಿ ಅನುದಾನ ಬೇಡ, ಕೋಣೆಯಾದರೂ ಕೊಡಲಿ. ನೀವು ಕೇಳಿದರೆ ಮುಂದಿನವಳಿಗೆ ಅರ್ಜಿಯಲ್ಲೇ ಆ ಅಂಕಣ ಬಂದೀತು. ‘ಇಂಡಿಯನ್ ವಿಮೆನ್ ಅಂಡ್ ಮ್ಯಾಥಮ್ಯಾಟಿಕ್ಸ್’ ಬಳಗವೂ ಪ್ರಾದೇಶಿಕ ಕಾರ್ಯಾಗಾರಗಳನ್ನು ನಡೆಸುತ್ತದೆ, ಅದರ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಹಣದ ಮಾತು. ಶುಲ್ಕ ಮನ್ನಾ ಕೇಳಿ, ಅತಿಥಿ ಉಪನ್ಯಾಸಕಿ ಎಂದು ಬರೆಯಿರಿ, ಮಾರ್ಗದರ್ಶಕರ ಒಂದು ಸಾಲಿನ ಸಹಿ ಹಾಕಿಸಿ. ಎನ್‌ಬಿಎಚ್‌ಎಂ, ಅಂದರೆ ಪರಮಾಣು ಇಂಧನ ಇಲಾಖೆಯಡಿ 1983ರಿಂದ ಇರುವ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ, ಹಣ ಕೊಟ್ಟ ಸಮ್ಮೇಳನವಾದರೆ ಸಂಶೋಧಕರ ಪ್ರಯಾಣಕ್ಕೆ ಏನಾದರೂ ಎತ್ತಿಟ್ಟಿದ್ದಾರೆಯೇ ಎಂದು ವಿಚಾರಿಸಿ. ಕರಪತ್ರದ ಕೆಳಗೆ ಪ್ರಾಯೋಜಕರ ಹೆಸರು ಇರುತ್ತದೆ.

ನಿಮ್ಮ ಪತ್ರ ಓದಿದಾಗ ನನಗನ್ನಿಸಿದ ಇನ್ನೊಂದು ಮಾತು: ಅರೆಕಾಲಿಕವಾಗಿ ಪಿಎಚ್.ಡಿ. ಮಾಡುವವರಿಗೆ ಸಮ್ಮೇಳನಕ್ಕಿಂತ ಹೆಚ್ಚು ಬೇಕಿರುವುದು ಬುನಾದಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಮತ್ತು ಮುಂಬೈ ಐಐಟಿ ಜೊತೆಗೂಡಿ ನಡೆಸುವ ರಾಷ್ಟ್ರೀಯ ಗಣಿತ ಕೇಂದ್ರದ ‘ಎಎಫ್‌ಎಸ್’ (ಆ್ಯನುಯಲ್ ಫೌಂಡೇಶನ್ ಸ್ಕೂಲ್) ಶಿಬಿರಗಳು ಮೂರು-ನಾಲ್ಕು ವಾರದವು. ಬೆಳಿಗ್ಗೆ ಪಾಠ, ಮಧ್ಯಾಹ್ನ ಲೆಕ್ಕ ಬಿಡಿಸುವುದು. ಆಯ್ಕೆಯಾದವರ ಊಟ, ವಸತಿ, ರೈಲು ಖರ್ಚು ಅವರೇ ನೋಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕಾಲೇಜಿಗೆ ರಜೆ, ಗೌರವಧನ ಕಡಿತದ ಚಿಂತೆಯಿಲ್ಲ. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಅರ್ಜಿ ಹಾಕಿ. ಬೆಳಗಾವಿಯಲ್ಲಿ ಸಿಕ್ಕ ಆ ಒಬ್ಬ ಹಿರಿಯರಿಂದ ಶಿಫಾರಸು ಪತ್ರ ಕೇಳಬಹುದು, ನಿಮ್ಮ ಮಾತನ್ನು ಅವರು ಕೇಳಿರುತ್ತಾರಲ್ಲ. ಊರಿಗೆ ಮರಳಿದ ವಾರದೊಳಗೇ ಅವರಿಗೆ ಮಿಂಚಂಚೆ ಕಳುಹಿಸಿ: ನೀವು ಕೇಳಿದ ಪ್ರಶ್ನೆ ಇದು, ನಾನು ಪ್ರಯತ್ನಿಸಿದ್ದು ಇಷ್ಟು, ಇಲ್ಲಿ ನಿಂತಿದ್ದೇನೆ. ಮೂರು ಸಾಲು ಸಾಕು. ‘ತಮ್ಮ ಅಮೂಲ್ಯ ಮಾರ್ಗದರ್ಶನ’ ಎಂಬ ಪುಟಗಟ್ಟಲೆ ವಿನಯ ಬೇಡ.

ಹಿಂದಿನ ದಿನ ಸಂಜೆಯೇ ಬೆಳಗಾವಿಗೆ ಬಂದುಬಿಡಿ ತಂಗಿ, ನಿಮ್ಮ ಗೋಷ್ಠಿಯ ಕೋಣೆಯನ್ನು ಒಮ್ಮೆ ನೋಡಿ. ಈಗಿನ ಸಭಾಂಗಣಗಳಲ್ಲಿ ಪರದೆ ಇಳಿಬಿಟ್ಟರೆ ಹಲಗೆಯೇ ಅದರ ಹಿಂದೆ ಮುಚ್ಚಿಹೋಗಿರುತ್ತದೆ. ಪರದೆ ಸುತ್ತುವ ಗುಂಡಿ ಎಲ್ಲಿದೆ ಎಂದು ಅಲ್ಲಿನ ಜವಾನರನ್ನು ಕೇಳಿ ತಿಳಿದುಕೊಳ್ಳಿ. ಚಾಕ್‌ಪೀಸ್ ಅಲ್ಲಿರುತ್ತದೆ ಎಂದು ನಂಬಬೇಡಿ, ಇಳಕಲ್ಲಿನಿಂದಲೇ ನಾಲ್ಕು ತನ್ನಿ. ಎರಡು ಬಣ್ಣದವು ಇರಲಿ, ಗಡಿಯಾರಕ್ಕೆ ಒಂದು, ಗೆರೆಗಳಿಗೆ ಒಂದು.